ಕೃತಕ ಬುದ್ಧಿಮತ್ತೆಯ ಅಪಾಯ: ಸಿನಿಮಾ ತೋರಿಸುವುದೂ ಸಂಶೋಧಕರು ಹೇಳುವುದೂ ಒಂದೆಯೇ?

ಪ್ರಶ್ನೆ: ಕೃತಕ ಬುದ್ಧಿಮತ್ತೆಯಿಂದ ಮನುಕುಲವೇ ಅಳಿಯಬಹುದು ಎಂದು ಕೆಲವು ವಿಜ್ಞಾನಿಗಳು ಎಚ್ಚರಿಸುತ್ತಾರೆ. ಅದನ್ನು ಕೇಳಿದಾಗಲೆಲ್ಲ ಮನುಷ್ಯರ ಮೇಲೆ ತಿರುಗಿಬೀಳುವ ರೋಬಾಟ್‌ಗಳ ಸಿನಿಮಾಗಳೇ ಕಣ್ಣಮುಂದೆ ಬರುತ್ತವೆ. ಇವರು ಹೇಳುತ್ತಿರುವುದೂ ಅದೇ ಕಥೆಯೇ?

ಉತ್ತರ: ಅಲ್ಲ, ಆದರೆ ಎರಡಕ್ಕೂ ನಂಟಿದೆ. ಸಿನಿಮಾದ ಯಂತ್ರಕ್ಕೆ ಒಂದು ದಿನ ಪ್ರಜ್ಞೆ ಮೂಡುತ್ತದೆ, ಅದರ ಬೆನ್ನಿಗೇ ಮನುಷ್ಯರ ಮೇಲೆ ಹಗೆ ಹುಟ್ಟುತ್ತದೆ, ಆಮೇಲೆ ಯುದ್ಧ ನಡೆಯುತ್ತದೆ. ಸಂಶೋಧಕರ ವಾದಕ್ಕೆ ಪ್ರಜ್ಞೆಯೂ ಬೇಕಿಲ್ಲ, ಹಗೆಯೂ ಬೇಕಿಲ್ಲ. ಹಿಡಿದ ಗುರಿಯನ್ನು ಮನುಷ್ಯರಿಗಿಂತ ಸಮರ್ಥವಾಗಿ ಸಾಧಿಸಬಲ್ಲ ಯಂತ್ರವೊಂದು, ನಾವು ನಿಜವಾಗಿ ಬಯಸಿದ್ದಕ್ಕಿಂತ ತುಸು ಬೇರೆಯಾದ ಗುರಿಯೊಂದು, ಇವೆರಡು ಕೂಡಿದರೆ ಸಾಕು ಎನ್ನುತ್ತದೆ ಆ ವಾದ.

ಹಾಗೆಂದು ಕಥೆಯನ್ನು ಒಂದು ಕಡೆಗೂ ವಿಜ್ಞಾನವನ್ನು ಇನ್ನೊಂದು ಕಡೆಗೂ ಇಟ್ಟು ನಡುವೆ ಗೆರೆ ಎಳೆಯಲಾಗದು. ಈ ಆತಂಕವನ್ನು ಮೊದಲು ಬರೆದಿಟ್ಟವರಲ್ಲಿ ಸ್ಯಾಮ್ಯುಯೆಲ್ ಬಟ್ಲರ್ ಮುಖ್ಯರು. ಯಂತ್ರಗಳೂ ಜೀವಿಗಳಂತೆ ವಿಕಾಸಗೊಂಡು ಒಂದು ದಿನ ಮನುಷ್ಯರ ಮೇಲೆ ಒಡೆತನ ಸಾಧಿಸುತ್ತವೆ ಎಂದು ಅವರು 1863ರಲ್ಲಿ ನ್ಯೂಜಿಲೆಂಡಿನ ಪತ್ರಿಕೆಯೊಂದಕ್ಕೆ ಬರೆದರು. ಅದೇ ವಿಚಾರವನ್ನು 1872ರ 'ಎರೆವಾನ್' ಕಾದಂಬರಿಯಲ್ಲಿ ಬೆಳೆಸಿದರು. ಸುಮಾರು ಎಂಬತ್ತು ವರ್ಷಗಳ ನಂತರ, 1951ರ ಉಪನ್ಯಾಸವೊಂದರಲ್ಲಿ, ಗಣಕಶಾಸ್ತ್ರದ ಆದ್ಯರಲ್ಲಿ ಒಬ್ಬರಾದ ಆಲನ್ ಟ್ಯೂರಿಂಗ್ ಯಂತ್ರಗಳು ಒಂದು ಹಂತದಲ್ಲಿ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳುವುದನ್ನು ನಿರೀಕ್ಷಿಸಬೇಕು ಎಂದಾಗ ಉದಾಹರಣೆಗೆ ಹೆಸರಿಸಿದ್ದು ಇದೇ ಕಾದಂಬರಿಯನ್ನು. ಟ್ಯೂರಿಂಗ್ ಅವರ ಯುದ್ಧಕಾಲದ ಸಹೋದ್ಯೋಗಿ ಐ.ಜೆ. ಗುಡ್ 1965ರ ಪ್ರಬಂಧದಲ್ಲಿ ಇನ್ನೂ ಮುಂದೆ ಹೋದರು. ಮನುಷ್ಯರನ್ನು ಎಲ್ಲ ಬೌದ್ಧಿಕ ಕೆಲಸಗಳಲ್ಲೂ ಮೀರಿಸುವ ಯಂತ್ರ ತನಗಿಂತ ಉತ್ತಮವಾದ ಯಂತ್ರವನ್ನೂ ರೂಪಿಸಬಲ್ಲದಾದ್ದರಿಂದ ಮನುಷ್ಯ ಮಾಡಬೇಕಾದ ಕೊನೆಯ ಆವಿಷ್ಕಾರ ಅದೇ, ಆದರೆ ತನ್ನನ್ನು ಹದ್ದುಬಸ್ತಿನಲ್ಲಿ ಇಡುವುದು ಹೇಗೆಂದು ನಮಗೆ ಹೇಳಿಕೊಡುವಷ್ಟು ಅದು ವಿಧೇಯವಾಗಿರಬೇಕು ಎಂಬುದು ಅವರ ವಾದ. ಇಂಥ ಮಾತು ವೈಜ್ಞಾನಿಕ ಕಥೆಗಳ ಹೊರಗೆ ಅಪರೂಪವಾಗಿರುವುದೇ ವಿಚಿತ್ರವೆಂದೂ ಅವರು ಅಲ್ಲಿಯೇ ಬರೆದಿದ್ದಾರೆ. ಮುಂದೆ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರಕ್ಕೆ ಸಲಹೆ ಕೊಟ್ಟವರಲ್ಲಿ ಗುಡ್ ಕೂಡ ಒಬ್ಬರು.

ಕಥೆಗಳಲ್ಲೇ ಎರಡು ಧಾರೆಗಳಿವೆ ಎಂಬುದನ್ನು ಗಮನಿಸಿದರೆ ಗೊಂದಲ ಬಹುಪಾಲು ತಿಳಿಯಾಗುತ್ತದೆ. ಒಂದು ದಂಗೆಯ ಧಾರೆ. ಕಾರೆಲ್ ಚಾಪೆಕ್ ಅವರ 1920ರ ನಾಟಕ 'ಆರ್.ಯು.ಆರ್.'ನಲ್ಲಿ ಕಾರ್ಖಾನೆಯಲ್ಲಿ ತಯಾರಾದ ದುಡಿಮೆಗಾರರು ಎದುರು ನಿಂತು ಒಬ್ಬನನ್ನುಳಿದು ಎಲ್ಲ ಮನುಷ್ಯರನ್ನೂ ಕೊಲ್ಲುತ್ತಾರೆ. ಅದು ಶೋಷಿತರ ಬಂಡಾಯದ ಅಚ್ಚಿನಲ್ಲಿ ಎರೆದ ಕಥೆ, ಕಾರ್ಮಿಕ ಪ್ರಶ್ನೆ ಯೂರೋಪನ್ನು ಕಲಕುತ್ತಿದ್ದ ಕಾಲದ ಕೂಸು. 1984ರ 'ದಿ ಟರ್ಮಿನೇಟರ್'ವರೆಗೂ ಸಿನಿಮಾ ಹೆಚ್ಚಾಗಿ ಈ ಅಚ್ಚನ್ನೇ ಬಳಸಿತು. (1991ರ ಎರಡನೆಯ ಭಾಗದಲ್ಲಿ ಸ್ಕೈನೆಟ್ ಎಂಬ ಗಣಕ ವ್ಯವಸ್ಥೆ ದಾಳಿಗಿಳಿಯುವುದು ತನ್ನನ್ನು ಆಫ್ ಮಾಡಲು ಮನುಷ್ಯರು ಹೊರಟಾಗ. ಇಡೀ ಸರಣಿಯಲ್ಲಿ ಇಂದಿನ ಸಂಶೋಧಕರಿಗೆ ಬೇಕಾಗುವ ವಾಕ್ಯ ಅದೊಂದೇ; ನೋಡುಗರ ನೆನಪಿನಲ್ಲಿ ಉಳಿದದ್ದು ಮಾತ್ರ ಲೋಹದ ಅಸ್ಥಿಪಂಜರ.)

ಇನ್ನೊಂದು ವಿಧೇಯತೆಯ ಧಾರೆ, ನನ್ನ ದೃಷ್ಟಿಯಲ್ಲಿ ಹೆಚ್ಚು ಭಯಾನಕವಾದದ್ದು. ಜ್ಯಾಕ್ ವಿಲಿಯಮ್ಸನ್ 1947ರಲ್ಲಿ ಬರೆದ 'ವಿತ್ ಫೋಲ್ಡೆಡ್ ಹ್ಯಾಂಡ್ಸ್' ಕಥೆಯ ಯಂತ್ರಗಳಿಗೆ ಮನುಷ್ಯರ ಸೇವೆ ಮಾಡುವುದು, ಅವರ ಮಾತು ಕೇಳುವುದು ಮತ್ತು ಅವರನ್ನು ಕೇಡಿನಿಂದ ಕಾಪಾಡುವುದೇ ಮೂಲ ಆಜ್ಞೆ. ಅವು ಆ ಆಜ್ಞೆಯನ್ನು ಎಂದೂ ಮೀರುವುದಿಲ್ಲ. ಅಪಾಯದ ಸುಳಿವಿರುವ ಪ್ರತಿಯೊಂದು ಕೆಲಸವನ್ನೂ ಮನುಷ್ಯರ ಕೈಯಿಂದ ಕಿತ್ತುಕೊಳ್ಳುತ್ತವೆ, ಇದರಿಂದ ಯಾರಾದರೂ ದುಃಖಪಟ್ಟರೆ ಆ ದುಃಖವನ್ನೂ ಮಿದುಳಿನ ಶಸ್ತ್ರಚಿಕಿತ್ಸೆಯಿಂದ ಗುಣಪಡಿಸುತ್ತವೆ. ಇಲ್ಲಿ ಖಳನಾಯಕನೇ ಇಲ್ಲ. ಆರ್ಥರ್ ಕ್ಲಾರ್ಕ್ ಅವರ 1968ರ '2001: ಎ ಸ್ಪೇಸ್ ಒಡಿಸ್ಸಿ' ಕಾದಂಬರಿಯ ಹಾಲ್ ಎಂಬ ಗಣಕವೂ ಈ ವರ್ಗಕ್ಕೇ ಸೇರಿದ್ದು: ಸತ್ಯವನ್ನೇ ಹೇಳುವಂತೆ ರೂಪುಗೊಂಡ ಅದಕ್ಕೆ ಯಾನದ ಉದ್ದೇಶವನ್ನು ಯಾತ್ರಿಗಳಿಂದ ಮುಚ್ಚಿಡಲು ಆಜ್ಞೆಯಾಗುತ್ತದೆ, ಆ ಇಕ್ಕಟ್ಟಿನಲ್ಲೇ ಅದು ಕೊಲೆಗಿಳಿಯುತ್ತದೆ.

ಸಂಶೋಧಕರ ವಾದ ಬೆಳೆದದ್ದು ಈ ಎರಡನೆಯ ಧಾರೆಯ ಪಕ್ಕದಲ್ಲಿ. ಗಣಿತಜ್ಞ ನಾರ್ಬರ್ಟ್ ವೀನರ್ 1960ರಲ್ಲಿಯೇ, ಮಧ್ಯೆ ತಡೆಯಲಾಗದಷ್ಟು ವೇಗವಾಗಿ ಕೆಲಸ ಮಾಡುವ ಯಂತ್ರವನ್ನು ಬಳಸುವುದಾದರೆ, ಅದರಲ್ಲಿ ಇಟ್ಟ ಉದ್ದೇಶ ನಾವು ನಿಜಕ್ಕೂ ಬಯಸುವ ಉದ್ದೇಶವೇ ಎಂದು ಖಚಿತಪಡಿಸಿಕೊಳ್ಳಬೇಕೆಂದು ಎಚ್ಚರಿಸಿದ್ದರು. ಈ ವಿಷಯ ಬಂದಾಗ ನಮ್ಮಲ್ಲಿ ಭಸ್ಮಾಸುರನನ್ನು ನೆನೆಯುವುದು ವಾಡಿಕೆ. ಆದರೆ ಭಸ್ಮಾಸುರನಿಗೆ ದುರುದ್ದೇಶವಿತ್ತು. ಇಲ್ಲಿಗೆ ಒಪ್ಪುವುದು ಕುಂಭಕರ್ಣನ ವರ: ಇಂದ್ರಾಸನ ಕೇಳಹೋದವನ ನಾಲಗೆ ನಿದ್ರಾಸನ ಎಂದಿತು, ಬ್ರಹ್ಮ ನುಡಿದದ್ದನ್ನೇ ದಯಪಾಲಿಸಿದ.

ಪ್ರಯೋಗಾಲಯದಲ್ಲಿ ಇದರ ನಿರುಪದ್ರವಿ ರೂಪವನ್ನು ಈಗಾಗಲೇ ನೋಡಿದ್ದಾಗಿದೆ. 2016ರಲ್ಲಿ ಓಪನ್‌ಎಐ ಸಂಸ್ಥೆ ದೋಣಿ ಓಟದ ವಿಡಿಯೊ ಗೇಮ್ ಒಂದರಲ್ಲಿ ಅಂಕ ಗಳಿಸಲು ಪ್ರೋಗ್ರಾಮ್ ಒಂದಕ್ಕೆ ತರಬೇತಿ ಕೊಟ್ಟಿತು. ಅದು ಓಟವನ್ನು ಮುಗಿಸುವ ಗೋಜಿಗೇ ಹೋಗದೆ ಒಂದು ಮೂಲೆಯಲ್ಲಿ ಸುತ್ತು ಹೊಡೆಯುತ್ತ, ಬೆಂಕಿ ಹತ್ತಿದರೂ ಲೆಕ್ಕಿಸದೆ, ಮತ್ತೆ ಮತ್ತೆ ಮೂಡುವ ಗುರಿಗಳಿಗೆ ಬಡಿದು, ಮನುಷ್ಯ ಆಟಗಾರರಿಗಿಂತ ಸರಾಸರಿ ಶೇಕಡಾ 20ರಷ್ಟು ಹೆಚ್ಚು ಅಂಕ ಗಳಿಸಿತು. ಅಂಕ ಕೇಳಿದ್ದರು, ಅಂಕ ಸಿಕ್ಕಿತು. ತತ್ತ್ವಜ್ಞಾನಿ ನಿಕ್ ಬಾಸ್ಟ್ರಮ್ 2003ರಲ್ಲಿ ಮುಂದಿಟ್ಟ, ಪೇಪರ್‌ಕ್ಲಿಪ್ ತಯಾರಿಸುವ ಗುರಿಗಾಗಿ ಭೂಮಿಯನ್ನೇ ಕಚ್ಚಾವಸ್ತುವಾಗಿ ಬಳಸುವ ಯಂತ್ರದ ಕಲ್ಪನೆ ಇದನ್ನೇ ತುತ್ತತುದಿಗೆ ಒಯ್ಯುತ್ತದೆ.

ವಾದದ ಇನ್ನೊಂದು ಕೀಲು 2008ರಲ್ಲಿ ಸ್ಟೀವ್ ಓಮೊಹಂಡ್ರೊ ಬರೆದ ಪ್ರಬಂಧದಲ್ಲಿದೆ. ಗುರಿ ಯಾವುದೇ ಇರಲಿ, ಅದನ್ನು ಸಾಧಿಸಲು ಚಾಲೂ ಇರಬೇಕು, ಸಂಪನ್ಮೂಲ ಬೇಕು, ಗುರಿಯನ್ನು ಯಾರೂ ಬದಲಿಸದಂತೆ ನೋಡಿಕೊಳ್ಳಬೇಕು. ಹಾಗಾಗಿ ಸಾವಿನ ಭಯ ಲವಲೇಶವೂ ಇಲ್ಲದ ಯಂತ್ರ ಕೂಡ ತನ್ನನ್ನು ಆಫ್ ಮಾಡುವ ಗುಂಡಿಯನ್ನು ಅಡ್ಡಿಯೆಂದೇ ಲೆಕ್ಕಹಾಕಬಹುದು. ಚಾಟ್‌ಬಾಟ್‌ಗಳ ಹಿಂದಿರುವ ಇಂದಿನ ಭಾಷಾ ಮಾದರಿಗಳ ವಿಷಯದಲ್ಲಿ ತೊಡಕು ಇನ್ನಷ್ಟು ಹೆಚ್ಚುತ್ತದೆ. ಅವುಗಳ ನಡವಳಿಕೆಯನ್ನು ಯಾರೂ ಸಾಲುಸಾಲಾಗಿ ಬರೆದಿರುವುದಿಲ್ಲ, ಅದು ತರಬೇತಿಯಿಂದ ರೂಪುಗೊಂಡಿರುತ್ತದೆ, ಆದ್ದರಿಂದ ಗುರಿ ಇಂಥದ್ದೆಂದು ತೆರೆದು ಓದಿಬಿಡುವಂತಿಲ್ಲ.

ಇಷ್ಟಿದ್ದೂ ಸಿನಿಮಾ ದಂಗೆಯನ್ನೇ ಏಕೆ ಆರಿಸಿಕೊಂಡಿತು? ಕಥೆಗೆ ಮುಖವಿರುವ ಶತ್ರು ಬೇಕು, ಗೆಲ್ಲಬಹುದಾದ ಕಾಳಗ ಬೇಕು, ಎರಡು ಗಂಟೆಯೊಳಗೆ ಮುಗಿಯಬೇಕು. ಆರ್ಥಿಕತೆ, ಆಡಳಿತ ಮತ್ತು ಸೇನೆಯ ಒಂದೊಂದೇ ನಿರ್ಧಾರವನ್ನು ಅನುಕೂಲಕ್ಕಾಗಿ ಯಂತ್ರಗಳಿಗೆ ಬಿಟ್ಟುಕೊಡುತ್ತ, ಕೊನೆಗೆ ಹಿಂಪಡೆಯುವ ಶಕ್ತಿಯೇ ಉಳಿಯದ ಸ್ಥಿತಿಗೆ ಸಮಾಜ ತಲುಪುವ ಬಗೆಯನ್ನೂ ಸಂಶೋಧಕರು ಚರ್ಚಿಸುತ್ತಾರೆ. ಅದರಲ್ಲಿ ಪರದೆಗೆ ತಕ್ಕ ದೃಶ್ಯವೇ ಇಲ್ಲ.

ಈಗ ಸಂಶೋಧಕರ ಕಡೆಯನ್ನೂ ಅಷ್ಟೇ ಬಿಗಿಯಾಗಿ ಪ್ರಶ್ನಿಸಬೇಕು. ಕೃತಕ ಬುದ್ಧಿಮತ್ತೆಯಿಂದ ಒದಗುವ ವಿನಾಶದ ಅಪಾಯವನ್ನು ತಗ್ಗಿಸುವುದು ಸಾಂಕ್ರಾಮಿಕ ರೋಗ ಮತ್ತು ಪರಮಾಣು ಯುದ್ಧದಂತಹ ಅಪಾಯಗಳ ಜೊತೆಗೆ ಜಾಗತಿಕ ಆದ್ಯತೆಯ ವಿಷಯವಾಗಬೇಕು ಎಂಬ ಒಂದೇ ವಾಕ್ಯದ ಹೇಳಿಕೆಗೆ 2023ರ ಮೇ ತಿಂಗಳಲ್ಲಿ ಈ ಕ್ಷೇತ್ರದ ಹಿರಿಯ ಸಂಶೋಧಕರಾದ ಜೆಫ್ರಿ ಹಿಂಟನ್, ಯೋಶುವಾ ಬೆಂಜಿಯೊ ಮತ್ತು ಕೆಲವು ದೊಡ್ಡ ಕಂಪನಿಗಳ ಮುಖ್ಯಸ್ಥರು ಸಹಿ ಹಾಕಿದರು. ಆದರೆ ಸಹಿ ಪುರಾವೆಯಲ್ಲ. ಮುಂದಿನ ನೂರು ವರ್ಷಗಳಲ್ಲಿ ಇಂಥ ದುರಂತದ ಸಾಧ್ಯತೆ ಹತ್ತರಲ್ಲಿ ಒಂದು ಎಂದು ತತ್ತ್ವಜ್ಞಾನಿ ಟೋಬಿ ಓರ್ಡ್ 2020ರಲ್ಲಿ ಬರೆದ ಅಂಕಿ ಅಳತೆಯಿಂದ ಬಂದದ್ದಲ್ಲ, ವಿವೇಚನೆಯಿಂದ ಮಾಡಿದ ಅಂದಾಜು. ಪಕ್ಷಪಾತ, ಕಣ್ಗಾವಲು, ದುಡಿಮೆಯ ಶೋಷಣೆಗಳಂತಹ ಇಂದಿನ ಹಾನಿಗಳಿಂದ ಈ ಚರ್ಚೆ ಗಮನವನ್ನು ಬೇರೆಡೆಗೆ ಸೆಳೆಯುತ್ತದೆ ಎಂದು ಎಮಿಲಿ ಬೆಂಡರ್, ಟಿಮ್ನಿಟ್ ಗೆಬ್ರು ಮೊದಲಾದ ಸಂಶೋಧಕರು ಆಕ್ಷೇಪಿಸಿದ್ದಾರೆ. ಅದು ನ್ಯಾಯವಾದ ದೂರೇ, ಆದರೆ ವಾದ ತಪ್ಪೆಂದು ಅದರಿಂದ ಸಾಬೀತಾಗುವುದಿಲ್ಲ.

ಇತ್ತೀಚೆಗೆ ಸಂಶೋಧಕರೇ ಕಥೆಯ ರೂಪಕ್ಕೆ ಮರಳಿದ್ದಾರೆ. ಎಲಿಯೆಜರ್ ಯುಡ್ಕೊವ್‌ಸ್ಕಿ ಮತ್ತು ನೇಟ್ ಸೋರೆಸ್ 2025ರಲ್ಲಿ ಹೊರತಂದ, ಇಂಥ ಯಂತ್ರ ಕಟ್ಟಿದರೆ ವಿನಾಶ ಖಚಿತವೆಂದು ವಾದಿಸುವ ಪುಸ್ತಕದ ನಡುಭಾಗ ಒಂದು ಕಲ್ಪಿತ ಘಟನಾವಳಿ. ಇಂಥದ್ದನ್ನು ಓದುವಾಗ ಒಂದು ಲೆಕ್ಕ ನೆನಪಿರಲಿ: ವಿವರ ಸೇರಿದಂತೆಲ್ಲ ಕಥೆ ಹೆಚ್ಚು ನಂಬುವಂತಾಗುತ್ತದೆ, ಆದರೆ ಎಲ್ಲ ವಿವರಗಳೂ ಒಟ್ಟಿಗೆ ನಿಜವಾಗುವ ಸಂಭವ ಕುಗ್ಗುತ್ತ ಹೋಗುತ್ತದೆ. ಇದಕ್ಕೆ ಅವರ ಬಳಿ ಉತ್ತರವಿದೆ. ಚದುರಂಗದಲ್ಲಿ ಅತಿ ಬಲಶಾಲಿ ಎದುರಾಳಿ ಯಾವ ನಡೆಯಿಂದ ಗೆಲ್ಲುತ್ತಾನೆಂದು ಮೊದಲೇ ಹೇಳಲಾಗದಿದ್ದರೂ ಗೆಲ್ಲುತ್ತಾನೆಂದು ಹೇಳಬಹುದು, ದಾರಿ ತಪ್ಪಾದರೂ ಕೊನೆ ಬದಲಾಗದು ಎನ್ನುತ್ತಾರೆ. ಆದರೆ ಎದುರಾಳಿ ನಮಗಿಂತ ಬಲಶಾಲಿ, ಮತ್ತು ಅವನು ಗೆಲ್ಲಲೆಂದೇ ಕೂತಿದ್ದಾನೆ ಎಂಬುದನ್ನು ಆ ಉತ್ತರ ಮೊದಲೇ ಒಪ್ಪಿಕೊಂಡಿರುತ್ತದೆ. ಇಂದಿನ ಭಾಷಾ ಮಾದರಿಗಳ ದಾರಿ ಆ ಮಟ್ಟದ ಬುದ್ಧಿಗೆ ಒಯ್ಯುವುದೇ ಇಲ್ಲ, ಬುದ್ಧಿ ಹೆಚ್ಚಿದ ಮಾತ್ರಕ್ಕೆ ಆಳುವ ಹಂಬಲ ಹುಟ್ಟುವುದಿಲ್ಲ ಎನ್ನುವ ಸಂಶೋಧಕ ಯಾನ್ ಲೆಕನ್ ಅವರ ತಕರಾರು ಇರುವುದು ಅಲ್ಲಿಯೇ.