ಹಿಂದಿನ ಸೀಟಲ್ಲಿ ಕೂತು ನೋಡಿ, ಆಮೇಲೆ ಕಾರು ತಗೊಳ್ಳಿ

ಕಾರು ನೋಡಲು ಶೋರೂಮಿಗೆ ಹೋದವರು ಮೊದಲು ಹತ್ತಿ ಕೂರುವುದು ಡ್ರೈವರ್ ಸೀಟಿಗೆ. ಸ್ಕ್ರೀನ್ ಎಷ್ಟು ದೊಡ್ಡದು, ಸನ್‌ರೂಫ್ ಉಂಟಾ, ಮೈಲೇಜ್ ಎಷ್ಟು ಅಂತ ಕೇಳುತ್ತಾರೆ. ಹಿಂದಿನ ಬಾಗಿಲು ತೆರೆದು ಒಮ್ಮೆ ಇಣುಕಿ, ಜಾಗ ಸಾಕು ಅಂತ ಮುಚ್ಚಿಬಿಡುತ್ತಾರೆ. ಆದರೆ ನಮ್ಮ ಕಾಸರಗೋಡಿನ ಕಡೆ ಮನೆಯ ಕಾರಿಗೆ ಜಾಸ್ತಿ ಕೆಲಸ ಇರುವುದೇ ಹಿಂದಿನ ಸೀಟಿನಲ್ಲಿ ಅಲ್ವಾ? ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಮಕ್ಕಳನ್ನು ಶಾಲೆಗೆ ಬಿಡಬೇಕು, ಮದುವೆ ಸೀಸನ್‌ನಲ್ಲಿ ಐದು ಜನ ಹೊರಡಬೇಕು, ನಡುವೆ ಅಡಿಕೆ ಗೋಣಿಯೂ ಹೋಗಬೇಕು. ಬದಿಯಡ್ಕದ ಹತ್ತಿರ ಸೀಟ್ ಕವರ್, ಕುಶನ್ ಕೆಲಸ ಮಾಡುವ ನನ್ನ ಕೈಗೆ ದಿನಾ ಬರುವುದು ಈ ಹಿಂದಿನ ಸೀಟುಗಳೇ. ಅದರಲ್ಲಿ ಯಾವ ಸಣ್ಣ ಸೌಲಭ್ಯ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಯಾವುದನ್ನು ನಾವೇ ಹಾಳು ಮಾಡಿಕೊಳ್ಳುತ್ತೇವೆ ಅಂತ ಹೇಳುತ್ತೇನೆ.

ಮೊದಲು ಹತ್ತಿ ಇಳಿಯುವ ವಿಷಯ. ಮಂಡಿನೋವು ಇರುವವರಿಗೆ ಸೀಟು ತೀರಾ ಕೆಳಗಿದ್ದರೆ ಏಳಲು ಕಷ್ಟ, ತೀರಾ ಎತ್ತರ ಇದ್ದರೆ ಸೀರೆ ಉಟ್ಟುಕೊಂಡು ಹತ್ತಲು ಕಷ್ಟ. ನಿಂತಲ್ಲಿಂದ ಹಾಗೇ ಹಿಂದಕ್ಕೆ ಸರಿದು ಕೂರುವಷ್ಟು ಎತ್ತರ ಇದ್ದರೆ ಒಳ್ಳೆಯದು. ಬಾಗಿಲು ಎಷ್ಟು ಅಗಲ ತೆರೆಯುತ್ತದೆ ನೋಡಿ. ಟಾಟಾದ ಆಲ್ಟ್ರೋಜ್, ಪಂಚ್‌ಗಳಲ್ಲಿ 90 ಡಿಗ್ರಿ ತೆರೆಯುತ್ತದೆ. ಆಪರೇಷನ್ ಆದವರನ್ನು ಹಿಡಿದು ಕೂರಿಸುವಾಗ ಅದರ ಬೆಲೆ ಗೊತ್ತಾಗುತ್ತದೆ. ಬಾಗಿಲ ಮೇಲಿನ ಹಿಡಿ ಹಿಂದೆಯೂ ಇದೆಯಾ ಅಂತ ನೋಡಿ, ವಯಸ್ಸಾದವರು ಅದನ್ನು ನಂಬಿಯೇ ಏಳುವುದು. ಅದರ ಪಕ್ಕದ ಕೊಕ್ಕೆಗೆ ಮಾತ್ರ ಗಟ್ಟಿ ಹ್ಯಾಂಗರ್ ತೂಗುಹಾಕಬೇಡಿ. ಕರ್ಟನ್ ಏರ್‌ಬ್ಯಾಗ್, ಅಂದರೆ ಡಿಕ್ಕಿಯಾದಾಗ ಕಿಟಕಿಗೆ ಅಡ್ಡವಾಗಿ ಉಬ್ಬಿ ತಲೆ ಕಾಯುವ ಚೀಲ ಇದ್ದರೆ, ಅದು ಬಿಚ್ಚಿಕೊಳ್ಳುವುದು ಅಲ್ಲಿಂದಲೇ.

ಕೂತ ಮೇಲೆ ತೊಡೆ ನೋಡಿ. ಸೀಟು ನೆಲಕ್ಕೆ ಹತ್ತಿರ ಇದ್ದರೆ ಮಂಡಿ ಮೇಲೆ ಬರುತ್ತದೆ, ತೊಡೆ ಸೀಟಿಗೆ ತಾಗುವುದೇ ಇಲ್ಲ, ಭಾರವೆಲ್ಲ ಕುಂಡೆಯ ಮೇಲೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಅಷ್ಟರಲ್ಲೇ ಸೊಂಟ ಹಿಡಿಯುತ್ತದೆ. ಫೋಮ್ ಹಾಕಿ ಎತ್ತರಿಸಿ ಕೊಡಿ ಅಂತ ಬರುತ್ತಾರೆ. ಸೀಟಿನ ಮುಂದಿನ ಅಂಚಿಗೆ ಸ್ವಲ್ಪ ಹಾಕಬಹುದು. ಇಡೀ ಸೀಟಿಗೆ ದಪ್ಪ ಮೆತ್ತೆ ಹಾಕಲು ನಾನು ಒಪ್ಪುವುದಿಲ್ಲ. ತಲೆ ಮಾಡಿಗೆ ತಾಗುತ್ತದೆ ಅಂತ ಮಾತ್ರ ಅಲ್ಲ, ಬೆಲ್ಟ್ ಕೂರಬೇಕಾದದ್ದು ಸೊಂಟದ ಮೂಳೆಯ ಮೇಲೆ. ಮೆತ್ತೆ ಅದುಮಿ ಮೈ ಕೆಳಗೆ ಜಾರಿದರೆ ಅದೇ ಬೆಲ್ಟ್ ಹೊಟ್ಟೆಗೆ ಬಿಗಿಯುತ್ತದೆ.

ಹೆಡ್‌ರೆಸ್ಟ್ ವಿಷಯದಲ್ಲಿ ಒಂದು ದೂರು ಆಗಾಗ ಬರುತ್ತದೆ: "ಅಣ್ಣಾ, ಇದು ಬೆನ್ನಿಗೆ ಚುಚ್ಚುತ್ತದೆ, ತೆಗೆದುಬಿಡಿ." ಕೆಲವು ಕಾರುಗಳಲ್ಲಿ ಕೆಳಗೆ ಇಳಿಸಿಟ್ಟ ಹೆಡ್‌ರೆಸ್ಟ್ ಭುಜದ ಹತ್ತಿರ ಒತ್ತುವಂತೆ ಬೇಕೆಂದೇ ಮಾಡಿರುತ್ತಾರೆ. ಕೂತವರು ಅದನ್ನು ಮೇಲೆ ಎಳೆದುಕೊಳ್ಳಲಿ ಅಂತ. ಅದರ ಕೆಲಸ ತಲೆಯ ಹಿಂದೆ, ಕುತ್ತಿಗೆಯ ಹಿಂದೆ ಅಲ್ಲ. ಹಿಂದಿನಿಂದ ಯಾರಾದರೂ ಗುದ್ದಿದರೆ ತಲೆ ಹಿಂದಕ್ಕೆ ಬೀಸದಂತೆ ತಡೆಯುವುದು ಅದೊಂದೇ. ಸೀಟಿನ ಜೊತೆಯೇ ಅಂಟಿಕೊಂಡ ಗಿಡ್ಡ ಹೆಡ್‌ರೆಸ್ಟ್ ಇರುವ ಕಾರು ಎತ್ತರದವರಿಗೆ ಬೇಡ.

ಹಿಂದಿನ ಎಸಿ ವೆಂಟ್ ಬಗ್ಗೆ ತುಂಬ ಕೇಳುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಬೇರೆ ಎಸಿ ಇರುವುದಿಲ್ಲ, ಮುಂದಿನ ಗಾಳಿಯನ್ನೇ ಕೊಳವೆಯಲ್ಲಿ ತರುತ್ತಾರೆ. ಆದರೂ ಮೇ ತಿಂಗಳ ನಮ್ಮ ಸೆಕೆಗೆ, ಸಂಪಾಜೆ ಘಾಟಿಯಲ್ಲಿ ವಾಂತಿ ಮಾಡುವ ಮಕ್ಕಳಿಗೆ, ಮುಖಕ್ಕೆ ತಂಪು ಗಾಳಿ ಬಂದರೆ ತುಂಬ ಉಪಕಾರ. ಮಕ್ಕಳಿಗೆ ಹೊರಗೆ ಕಾಣುವುದೂ ಅಷ್ಟೇ ಮುಖ್ಯ. ಈಗಿನ ಎಷ್ಟೋ ಕಾರುಗಳಲ್ಲಿ ಕಿಟಕಿಯ ಅಂಚು ಹಿಂದೆ ಹೋದಂತೆ ಮೇಲೇರುತ್ತದೆ. ನೋಡಲು ಚೆಂದ, ಮಗುವಿಗೆ ಕಾಣುವುದು ಬರೀ ಬಾಗಿಲು. ಇನ್ನು ವೆಂಟ್‌ನ ಡಬ್ಬ ನಡುವೆ ಕೂತವರ ಕಾಲಿನ ಜಾಗ ತಿನ್ನುತ್ತದೆ, ಅದನ್ನೂ ಕೂತೇ ನೋಡಬೇಕು.

ಕಿಟಕಿಯ ಎಳೆಯುವ ಪರದೆ ನನಗೆ ಇಷ್ಟ. ಬೆಳಿಗ್ಗೆ ಮಂಗಳೂರಿಗೆ ಹೋಗುವಾಗ ಬಿಸಿಲು ಬಲಗಡೆ, ಸಂಜೆ ವಾಪಸ್ ಬರುವಾಗಲೂ ಬಲಗಡೆ. ಹಾಗಾಗಿ ಪರದೆ ಇಲ್ಲದಿದ್ದರೆ ರೋಗಿಯನ್ನು ಎಡಗಡೆ ಕೂರಿಸಿ.

ನಡುವಿನ ಸೀಟಿನಲ್ಲಿ ಯಾರಿಗೂ ಸುಖ ಇಲ್ಲ. ನೆಲದಲ್ಲಿ ಉಬ್ಬು, ಬೆನ್ನಿಗೆ ಮಡಚಿಟ್ಟ ಆರ್ಮ್‌ರೆಸ್ಟ್‌ನ ಗಟ್ಟಿ. ಇಬ್ಬರೇ ಕೂರುವ ಮನೆಗೆ ಆರ್ಮ್‌ರೆಸ್ಟ್ ಒಳ್ಳೆಯದು, ಯಾವಾಗಲೂ ಮೂವರು ಇದ್ದರೆ ಅದಕ್ಕೆ ದುಡ್ಡು ಕೊಡಬೇಡಿ. ಅಲ್ಲಿ ಹೆಗಲ ಮೇಲಿಂದ ಬರುವ ಬೆಲ್ಟ್ ಇದೆಯಾ, ಬರೀ ಸೊಂಟದ್ದಾ ಅಂತ ಮಾತ್ರ ಖಂಡಿತ ನೋಡಿ. ಬರೀ ಸೊಂಟದ ಬೆಲ್ಟ್ ಇದ್ದರೆ ಡಿಕ್ಕಿಯಾದಾಗ ಮೈ ಅಲ್ಲೇ ಮುಂದಕ್ಕೆ ಮಡಚಿ ಹೊಟ್ಟೆಗೆ ಪೆಟ್ಟಾಗುತ್ತದೆ. ಬೆಲ್ಟ್ ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1000 ರೂಪಾಯಿ ದಂಡ. ಹದಿನಾಲ್ಕು ತುಂಬದ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೂ ಅಷ್ಟೇ ದಂಡ. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಕಾರು ಅಪಘಾತದಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕದೆ ಕೂತಿದ್ದಾಗ. ಇಷ್ಟಾದರೂ ಅಲಾರಂ ನಿಲ್ಲಿಸುವ ಕ್ಲಿಪ್ ಕೇಳಿಕೊಂಡು ಬರುವವರಿದ್ದಾರೆ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದನ್ನು ಆನ್‌ಲೈನ್ ಮಾರಾಟದಿಂದ ತೆಗೆಸಿತು. ನನ್ನಲ್ಲಿ ಅದು ಸಿಗುವುದಿಲ್ಲ.

ನನಗೆ ಬೇಜಾರಾಗುವ ಜಾಗ ಐಸೋಫಿಕ್ಸ್, ಅಂದರೆ ಮಗುವಿನ ಸೀಟು ಸಿಕ್ಕಿಸುವ ಏರ್ಪಾಡು. ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಗೆ ಬೆರಳು ಹಾಕಿ, ಎರಡು ಕಬ್ಬಿಣದ ಬಳೆಗಳು ತಾಗುತ್ತವೆ, ಅವುಗಳ ನಡುವೆ 28 ಸೆಂಟಿಮೀಟರ್ ಅಂತರ. ಕಾರಿನ ಬಾಡಿಗೇ ಬಿಗಿದಿರುತ್ತವೆ. ಮಗುವಿನ ಸೀಟು ಅದಕ್ಕೆ ಟಕ್ಕಂತ ಕಚ್ಚಿಕೊಳ್ಳುತ್ತದೆ, ಬೆಲ್ಟ್ ಸುತ್ತುವ ಗೋಜಿಲ್ಲ. ಮೂರನೆಯ ಹಿಡಿತ ಮಗುವಿನ ಸೀಟಿನ ಮೇಲ್ಭಾಗದಿಂದ ಬರುವ ಪಟ್ಟಿ, ಅದು ಕಾರಿನ ಸೀಟಿನ ಹಿಂಬದಿಯ ಕೊಂಡಿಗೆ ಹೋಗಬೇಕು. ಎಷ್ಟೋ ಜನ ಅದನ್ನು ಡಿಕ್ಕಿಯಲ್ಲಿ ಸಾಮಾನು ಕಟ್ಟುವ ಬಳೆಗೆ ಸಿಕ್ಕಿಸುತ್ತಾರೆ, ಅದು ಆ ಭಾರಕ್ಕೆ ಮಾಡಿದ್ದಲ್ಲ. ಕಾರಿನ ಪುಸ್ತಕದಲ್ಲಿ ಸರಿಯಾದ ಕೊಂಡಿಯ ಚಿತ್ರ ಇರುತ್ತದೆ. ಇಷ್ಟೆಲ್ಲ ಇದ್ದ ಕಾರು ತಂದು, "ಆ ಕಬ್ಬಿಣ ಕಾಣದ ಹಾಗೆ ಹೊಲಿದುಬಿಡಿ" ಅನ್ನುತ್ತಾರೆ! ಮನೆಯಲ್ಲಿ ಪುಟ್ಟ ಮಗು ಇರುತ್ತದೆ. ಹೊಲಿದ ಕವರ್ ಆ ಸಂದಿ ಮುಚ್ಚುತ್ತದೆ, ಬಕಲ್‌ಗಳನ್ನೂ ಅಡಿಗೆ ತಳ್ಳುತ್ತದೆ.

ಚೈಲ್ಡ್ ಲಾಕ್ ಅಂದರೆ ಹಿಂದಿನ ಬಾಗಿಲಿನ ಅಂಚಿನಲ್ಲಿ ಒಂದು ಸಣ್ಣ ಲಿವರ್, ಹಾಕಿದರೆ ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಎರಡೂ ಕಡೆ ಬೇರೆ ಬೇರೆ ಹಾಕಬಹುದು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಬಲಗಡೆಯದನ್ನು ಮಾತ್ರ ಹಾಕಿಡಿ. ಮಕ್ಕಳು ಎಡಗಡೆ, ರಸ್ತೆ ಬದಿಗೇ ಇಳಿಯುತ್ತಾರೆ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬಸ್ಸುಗಳು ಎಷ್ಟು ಉಜ್ಜಿಕೊಂಡು ಹೋಗುತ್ತವೆ ಅಂತ ನಿಮಗೇ ಗೊತ್ತು. 60:40, ಅಂದರೆ ಎರಡು ತುಂಡಾಗಿ ಬೇರೆ ಬೇರೆ ಮಡಚುವ ಸೀಟು ತೋಟದ ಮನೆಗೆ ಬೇಕೇ ಬೇಕು, ಒಂದೇ ತುಂಡಿನ ಸೀಟು ಮಡಚಿದರೆ ಗೋಣಿ ಹೋಗುತ್ತದೆ, ಹಿಂದೆ ಕೂರುವವರು ಮನೆಯಲ್ಲೇ ಉಳಿಯಬೇಕು.

ಕವರ್ ಹಾಕಿಸಿದ ದಿನ ಅಂಗಡಿಯ ಎದುರೇ ನಿಂತು ಮೂರೂ ಬಕಲ್ ಹಾಕಿ ತೆಗೆಯಿರಿ, ಹೆಡ್‌ರೆಸ್ಟ್ ಮೇಲೆಳೆಯಿರಿ, ಸೀಟು ಮಡಚಿ ನೋಡಿ, ಐಸೋಫಿಕ್ಸ್ ಬಳೆಗೆ ಬೆರಳು ಹಾಕಿ. ಒಂದು ಸಿಗದಿದ್ದರೂ ಕಾರು ತೆಗೆಯಬೇಡಿ, ಬಿಚ್ಚಿ ಮತ್ತೆ ಕತ್ತರಿಸಿ ಸರಿ ಮಾಡಿಸಿಕೊಳ್ಳಿ. ಹೊಲಿಗೆಯವರಿಗೆ ಅದು ಅರ್ಧ ಗಂಟೆಯ ಕೆಲಸ.