ಕರೆಂಟ್ ಹೋದಾಗ ಸಂಪ್ ತುಂಬಿ ಹರಿಯುತ್ತೆ, ಎನ್‌ಆರ್‌ವಿ ಹಾಕಿದ್ರೆ ಸಾಕಾ?

ಪ್ರಶ್ನೆ: "ಸರ್, ಆರು ಅಡಿಯ ಮೀನಿನ ಟ್ಯಾಂಕ್ ಮಾಡಿಸಿದ್ದೇನೆ. ಅದರ ಕೆಳಗೆ, ನೀರು ಸೋಸೋದಕ್ಕೆ ನಾಲ್ಕು ಅಡಿಯ ಗಾಜಿನ ಸಂಪ್ ಇದೆ. ಕರೆಂಟ್ ಹೋದಾಗಲೆಲ್ಲ ಸಂಪ್ ತುಂಬಿ ಹಾಲ್ ತುಂಬ ನೀರು. ಸಂಪ್‌ನಿಂದ ಪಂಪ್ ನೀರು ಮೇಲಕ್ಕೆ ಕಳಿಸೋ ರಿಟರ್ನ್ ಲೈನಿಗೆ ಎನ್‌ಆರ್‌ವಿ (ನೀರು ಹಿಂದಕ್ಕೆ ಬರದಂತೆ ತಡೆಯೋ ವಾಲ್ವ್) ಹಾಕಿಸಿ ಅಂತ ಪ್ಲಂಬರ್ ಹೇಳಿದ್ರು. ಯಾವ ಕಂಪನಿಯದು ಹಾಕಿಸಲಿ?"

ಮಳೆಗಾಲ ಹಿಡಿಯಿತು ಅಂದರೆ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಒಂದು ಸಲ ತೀರ್ಥಹಳ್ಳಿಯಿಂದ, ಇನ್ನೊಂದು ಸಲ ಹೊಸನಗರದಿಂದ, ಊರಷ್ಟೇ ಬೇರೆ. ಗಾಳಿಗೆ ಮರ ಬಿದ್ದು ಲೈನ್ ಹರಿಯಿತು, ಕರೆಂಟ್ ಹೋಯಿತು, ಮನೆಯೊಳಗೆ ನೀರು. ನನ್ನ ಉತ್ತರವೂ ಒಂದೇ: ಯಾವ ಕಂಪನಿಯದೂ ಬೇಡ. ರಿಟರ್ನ್ ಪೈಪಿನ ಬಾಯಿಯನ್ನು ಮೇಲಕ್ಕೆ ತನ್ನಿ, ಸಂಪ್‌ನಲ್ಲಿ ನೀರು ಕಡಿಮೆ ಇಡಿ. ಇಷ್ಟಕ್ಕೆ ಯಾರಿಗೂ ಸಮಾಧಾನ ಆಗುವುದಿಲ್ಲ. "ಆದ್ರೂ ಸೇಫ್ಟಿಗೆ ಒಂದು ಎನ್‌ಆರ್‌ವಿ ಇರ್ಲಿ, ಅಲ್ವಾ?" ಅನ್ನುತ್ತಾರೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಪೆನ್ನು ತಗೊಳ್ಳಿ.

ಮೊದಲು, ನೀರು ಯಾಕೆ ಇಳಿಯುತ್ತದೆ? ಬೈಕಿನ ಟ್ಯಾಂಕಿನಿಂದ ಪೈಪಿನಲ್ಲಿ ಪೆಟ್ರೋಲ್ ಎಳೆಯುವುದನ್ನು ನೋಡಿದ್ದೀರಲ್ಲ, ಅದೇ ಕತೆ, ಹೆಸರು ಸೈಫನ್. ಪಂಪ್ ನಿಂತ ಕ್ಷಣ ರಿಟರ್ನ್ ಪೈಪಿನ ನೀರು ಹಿಂದಕ್ಕೆ ಇಳಿಯಲು ಶುರುವಾಗುತ್ತದೆ. ಪಂಪಿನೊಳಗಿನ ರೆಕ್ಕೆ ಅದನ್ನು ತಡೆಯುವುದಿಲ್ಲ. ಇಳಿಯುವ ನೀರು ಟ್ಯಾಂಕಿನ ನೀರನ್ನೂ ಜೊತೆಗೆ ಎಳೆಯುತ್ತದೆ. ಇದು ನಿಲ್ಲುವುದು ಪೈಪಿನ ಬಾಯಿಗೆ ಗಾಳಿ ಸಿಕ್ಕಾಗ ಮಾತ್ರ. ಅಂದರೆ ಟ್ಯಾಂಕಿನ ನೀರು ಆ ಬಾಯಿಯ ಮಟ್ಟಕ್ಕೆ ಇಳಿಯಬೇಕು.

ನಿಮ್ಮ ಟ್ಯಾಂಕ್ 6 ಅಡಿ ಉದ್ದ, 2 ಅಡಿ ಅಗಲ ಅಂತ ಇಟ್ಟುಕೊಳ್ಳೋಣ. ಅದರಲ್ಲಿ ಒಂದು ಸೆಂಟಿಮೀಟರ್ ನೀರು ಅಂದರೆ ಸುಮಾರು 11 ಲೀಟರ್. ಸಂಪ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ ಇದ್ದರೆ ಅಲ್ಲಿ ಒಂದು ಸೆಂಟಿಮೀಟರ್‌ಗೆ ಐದೂವರೆ ಲೀಟರ್. ಮೇಲೆ ಒಂದು ಇಳಿದರೆ ಕೆಳಗೆ ಎರಡು ಏರುತ್ತದೆ. ಈ ಒಂದು ಸಾಲು ತಲೆಯಲ್ಲಿದ್ದರೆ ಅರ್ಧ ಪ್ರಶ್ನೆಗಳು ಬರುವುದೇ ಇಲ್ಲ.

ರಿಟರ್ನ್ ಪೈಪಿನ ಬಾಯಿ ನೀರಿನೊಳಗೆ 15 ಸೆಂಟಿಮೀಟರ್ ಆಳದಲ್ಲಿದೆ ಅನ್ನಿ. "ತಳದಲ್ಲೂ ನೀರು ತಿರುಗಲಿ" ಅಂತ ಎಷ್ಟೋ ಜನ ಹೀಗೇ ಇಳಿಬಿಡುತ್ತಾರೆ. 165 ಲೀಟರ್ ಕೆಳಗೆ ಬರುತ್ತದೆ. ಸಂಪ್ 30 ಸೆಂಟಿಮೀಟರ್ ಏರಬೇಕು. ಇಡೀ ಸಂಪ್ ಇರುವುದೇ 45 ಸೆಂಟಿಮೀಟರ್ ಎತ್ತರ. ಇನ್ನು ಹಾಲ್‌ಗೆ ಬರದೆ ಎಲ್ಲಿಗೆ ಹೋಗಬೇಕು? ಅದೇ ಬಾಯಿ 3 ಸೆಂಟಿಮೀಟರ್ ಆಳದಲ್ಲಿದ್ದರೆ ಬರುವುದು 33 ಲೀಟರ್. ಓವರ್‌ಫ್ಲೋ ಬಾಕ್ಸ್ (ಟ್ಯಾಂಕಿನ ಮೇಲ್ಮಟ್ಟದ ನೀರು ಹಲ್ಲುಗಳ ನಡುವೆ ಹರಿದು ಬೀಳುವ ಪೆಟ್ಟಿಗೆ) ಮತ್ತು ಪೈಪುಗಳಲ್ಲಿ ಇರುವುದನ್ನೂ ಸೇರಿಸಿ 45 ಅನ್ನಿ. ಸಂಪ್ 8 ಸೆಂಟಿಮೀಟರ್ ಏರಿ ಸುಮ್ಮನಾಗುತ್ತದೆ.

ಈಗ ಎನ್‌ಆರ್‌ವಿ ವಿಷಯಕ್ಕೆ ಬರೋಣ. ಪ್ಲಂಬರನ್ನು ನಾನು ಬೈಯುತ್ತಿಲ್ಲ. ಅವರು ದಿನಾ ನೋಡುವುದು ಬೋರ್‌ವೆಲ್ ಮತ್ತು ಓವರ್‌ಹೆಡ್ ಟ್ಯಾಂಕ್. ಅಲ್ಲಿ ಎನ್‌ಆರ್‌ವಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಯಾಕೆ? 300 ಅಡಿ ನೀರು ಅದರ ಮೇಲೆ ನಿಂತಿದ್ದರೆ ಸುಮಾರು 9 ಕೇಜಿ ಪ್ರೆಶರ್. ಆ ಒತ್ತಡಕ್ಕೆ ಮುಚ್ಚಳ ಗಟ್ಟಿಯಾಗಿ ಕೂರುತ್ತದೆ. ನಿಮ್ಮ ಟ್ಯಾಂಕಿನ ಕೆಳಗೆ ಸಿಗುವುದು ಐದಡಿ ನೀರು, 0.15 ಕೇಜಿ. ಇಷ್ಟು ಕಡಿಮೆ ಒತ್ತಡಕ್ಕೆ ಮುಚ್ಚಳ ಸುಮ್ನೆ ಒರಗಿಕೊಂಡಿರುತ್ತದೆ. ನಡುವೆ ಒಂದು ಮರಳಿನ ಕಣ, ಒಂದು ಚೂರು ಪಾಚಿ, ಸಾಸಿವೆ ಗಾತ್ರದ ಒಂದು ಬಸವನಹುಳ ಸಿಕ್ಕಿಕೊಂಡರೆ ಸಾಕು. ನೀರು ಜಿನುಗುತ್ತಾ ಇಳಿಯುತ್ತದೆ. ಸೈಫನ್‌ಗೆ ಅವಸರ ಇಲ್ಲ. ರಾತ್ರಿ ಹೋದ ಕರೆಂಟ್ ಬೆಳಿಗ್ಗೆವರೆಗೂ ಬರದಿದ್ದರೆ, ಜಿನುಗಿದ್ದೂ ಅಷ್ಟೇ, ಸುರಿದದ್ದೂ ಅಷ್ಟೇ.

"ಕ್ಲೀನ್ ಮಾಡ್ತಾ ಇರ್ತೀನಿ ಸರ್" ಅನ್ನುತ್ತೀರಿ. ಮಾಡುವುದಿಲ್ಲ. ಪಂಪ್ ಓಡುವಾಗ ಎನ್‌ಆರ್‌ವಿ ತೆರೆದೇ ಇರುತ್ತದೆ. ಅದು ಕೆಟ್ಟಿದೆ ಅಂತ ಗೊತ್ತಾಗುವುದೇ ಪಂಪ್ ನಿಂತ ಮೇಲೆ. ಕೆಟ್ಟರೂ ಸುಳಿವು ಕೊಡದ ಸಾಮಾನನ್ನು ತಿಂಗಳು ತಿಂಗಳು ಯಾರು ಬಿಚ್ಚಿ ತೊಳೆಯುತ್ತಾರೆ? ಅದರಲ್ಲೂ ಎರಡೂ ಕಡೆ ಯೂನಿಯನ್ (ಬಿಚ್ಚಲು ಬರುವ ಜೋಡಣೆ) ಹಾಕದೆ ಸಾಲ್ವೆಂಟ್ ಬಳಿದು ಅಂಟಿಸಿಬಿಟ್ಟಿದ್ದರೆ ತೊಳೆಯುವ ಮಾತೇ ಇಲ್ಲ, ಗರಗಸ ಬೇಕು.

ಇರಲಿ, ಎಂದೂ ಕೆಡದ ಎನ್‌ಆರ್‌ವಿ ನಿಮಗೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ನೀರು ಕೆಳಗೆ ಬರುತ್ತದೆ! ಪಂಪ್ ಓಡುವಾಗ ಓವರ್‌ಫ್ಲೋ ಬಾಕ್ಸಿನ ಹಲ್ಲುಗಳ ಬುಡಕ್ಕಿಂತ ನೀರು ಒಂದು, ಒಂದೂವರೆ ಸೆಂಟಿಮೀಟರ್ ಮೇಲಿರುತ್ತದೆ. ಅದು 16 ಲೀಟರ್ ತನಕ ಆಯಿತು. ಬಾಕ್ಸಿನೊಳಗೆ ಇನ್ನೊಂದು 8-9 ಲೀಟರ್. ಇದೆಲ್ಲ ಇಳಿಯುವುದು ಬಾಕ್ಸಿನಿಂದ ಸಂಪ್‌ಗೆ ಬರುವ ಡ್ರೈನ್ ಪೈಪಿನಲ್ಲಿ. ರಿಟರ್ನ್ ಪೈಪಿನಲ್ಲಿ ಕೂತ ಎನ್‌ಆರ್‌ವಿಗೆ ಇದರ ಸುದ್ದಿಯೇ ಇರುವುದಿಲ್ಲ. ಅಂದಮೇಲೆ ಸಂಪ್‌ನಲ್ಲಿ ಹೇಗೂ 25 ಲೀಟರ್‌ಗೆ ಜಾಗ ಬಿಡಲೇಬೇಕು. 25ಕ್ಕೆ ಬಿಡುವವರು 45ಕ್ಕೆ ಬಿಡಿ, ವಾಲ್ವಿನ ಖರ್ಚೇ ಉಳಿಯಿತು. ಸ್ಪ್ರಿಂಗ್ ಇರುವ ಎನ್‌ಆರ್‌ವಿ ಪಂಪಿನ ಹರಿವನ್ನೂ ತಿನ್ನುತ್ತದೆ. ಹಿತ್ತಾಳೆಯದಾದರೆ ಇನ್ನೊಂದು ತಲೆನೋವು. ನಮ್ಮ ತುಂಗೆಯ ನೀರು ಮೆದು. ಮೆದು ನೀರು ಹಿತ್ತಾಳೆಯಿಂದ ತಾಮ್ರವನ್ನು ಬೇಗ ಬಿಡಿಸಿಕೊಳ್ಳುತ್ತದೆ. ಸಾಕಿದ ಸಿಗಡಿ, ಬಸವನಹುಳಗಳಿಗೆ ತಾಮ್ರ ವಿಷ.

ಹಾಗಾದರೆ ಮಾಡುವುದೇನು? ಪಂಪ್ ಆಫ್ ಮಾಡಿ. ನೀರು ಇಳಿಯುವಷ್ಟು ಇಳಿಯಲಿ. ಇಳಿದು ನಿಂತ ಮೇಲೆ ಸಂಪ್‌ನ ನೀರನ್ನು ಅಂಚಿಗಿಂತ ಒಂದೆರಡು ಇಂಚು ಕೆಳಗೆ ಸರಿಮಾಡಿ, ಜಾಸ್ತಿ ಇದ್ದರೆ ತೆಗೆಯಿರಿ, ಕಡಿಮೆ ಇದ್ದರೆ ಹಾಕಿ. ಈಗ ಪಂಪ್ ಆನ್ ಮಾಡಿ. ಸಂಪ್‌ನ ನೀರು ಇಳಿದು ಒಂದು ಕಡೆ ನಿಲ್ಲುತ್ತದೆ. ಅಲ್ಲಿ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಪಂಪ್ ಓಡುವಾಗ ಆ ಗೆರೆ ದಾಟಿ ನೀರು ಹಾಕಬೇಡಿ, ಮನೆಯವರಿಗೂ ಹೇಳಿಡಿ. ಅಷ್ಟೇ ಕೆಲಸ. ಇದನ್ನು ಮನೆಯಲ್ಲಿ ಇರುವಾಗ, ಹಗಲು ಹೊತ್ತಿನಲ್ಲಿ ಮಾಡಿ. ರಾತ್ರಿ ಒಂದು ಗಂಟೆಗೆ ಗಾಳಿಮಳೆ ಬಂದು ನಿಮ್ಮ ಪರವಾಗಿ ಪರೀಕ್ಷೆ ಮಾಡುವುದು ಬೇಡ.

ಕೆಲವರು ರಿಟರ್ನ್ ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಮೂರ್ನಾಲ್ಕು ಮಿಲಿಮೀಟರ್‌ನ ತೂತು ಕೊರೆಯುತ್ತಾರೆ. ನೀರು ಅಲ್ಲಿಗೆ ಇಳಿದಾಗ ಗಾಳಿ ನುಗ್ಗಿ ಸೈಫನ್ ಮುರಿಯಲಿ ಅಂತ. ಒಳ್ಳೆಯ ಉಪಾಯವೇ. ಆದರೆ ಪಾಚಿ ಕಟ್ಟಿ ಮುಚ್ಚುತ್ತದೆ. ಪೈಪಿನ ಬಾಯಿಯನ್ನೇ ಮೇಲೆ ತಂದ ಮೇಲೆ, ಜೊತೆಗೆ ಇದೂ ಇರಲಿ ಅಂದರೆ ನನ್ನ ತಕರಾರಿಲ್ಲ.

ಡ್ರೈನ್ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ. ಪಂಪ್ ಎಷ್ಟು ಎತ್ತುತ್ತದೋ ಅಷ್ಟನ್ನೂ ಡ್ರೈನ್ ಇಳಿಸಬೇಕು, ಇಲ್ಲದಿದ್ದರೆ ಮೇಲಿನ ಟ್ಯಾಂಕ್ ತುಂಬಿ ಹರಿಯುತ್ತದೆ. ದೊಡ್ಡ ಟ್ಯಾಂಕಿಗೆ ಕನಿಷ್ಠ ಎರಡು ಡ್ರೈನ್ ಬೇಕು. ಒಂದು ಪೂರ್ತಿ ನೀರು ತುಂಬಿಕೊಂಡು ಇಳಿಯುವ ಪೈಪ್. ಅದಕ್ಕೆ ಗೇಟ್ ವಾಲ್ವ್ ಹಾಕಿ. ಬಾಲ್ ವಾಲ್ವ್‌ನಲ್ಲಿ ಕೂದಲೆಳೆಯಷ್ಟು ತಿರುಗಿಸಲು ಆಗುವುದಿಲ್ಲ. ಗಾಳಿ ಸೇರದ ಕಾರಣ ಈ ಪೈಪ್ ಗುಳುಗುಳು ಅನ್ನುವುದಿಲ್ಲ, ರಾತ್ರಿ ನಿದ್ದೆ ಬರುತ್ತದೆ. ಇನ್ನೊಂದು, ಸ್ವಲ್ಪ ಎತ್ತರದಲ್ಲಿ ಬಾಯಿ ಇರುವ ಖಾಲಿ ಪೈಪ್. ಮೊದಲನೆಯದು ಕಟ್ಟಿಕೊಂಡರೆ ಇದು ಇಳಿಸುತ್ತದೆ. ಇದಕ್ಕೆ ಯಾವ ವಾಲ್ವನ್ನೂ ಹಾಕಬೇಡಿ. ಮೊದಲ ಪೈಪಿನ ಕೊನೆ ಸಂಪ್‌ನ ನೀರಿನಲ್ಲಿ ಒಂದಿಂಚು ಮುಳುಗಿದರೆ ಸಾಕು. ಜಾಸ್ತಿ ಮುಳುಗಿಸಿದರೆ ಕರೆಂಟ್ ಬಂದಾಗ ಪೈಪಿನ ಗಾಳಿ ಹೊರಗೆ ಹೋಗಲು ಒದ್ದಾಡುತ್ತದೆ, ಹರಿವು ಹಿಡಿಯುವುದಿಲ್ಲ.

ಎರಡೂ ಕಟ್ಟಿಕೊಂಡರೆ? ಅದಕ್ಕೂ ಲೆಕ್ಕವೇ ಉತ್ತರ. ಸಂಪ್‌ನಲ್ಲಿ ಪಂಪ್ ಇರುವ ಖಾನೆಯನ್ನು ಚಿಕ್ಕದಾಗಿ ಮಾಡಿಸಿ. ಅಲ್ಲಿರುವ ನೀರು 27 ಲೀಟರ್, ಮೇಲಿನ ಟ್ಯಾಂಕಿನಲ್ಲಿ ಖಾಲಿ ಇರುವ ಅಂಚು 3 ಸೆಂಟಿಮೀಟರ್, ಅಂದರೆ 33 ಲೀಟರ್ ಆಗಿದ್ದರೆ ಪಂಪ್ ಒಣಗುತ್ತದೆಯೇ ಹೊರತು ಟ್ಯಾಂಕ್ ಉಕ್ಕುವುದಿಲ್ಲ. ಪಂಪ್ ಸುಡಬಹುದು. ನೆಲ ಒಣಗಿರುತ್ತದೆ.

ಇಷ್ಟೆಲ್ಲ ನೆಲದ ಚಿಂತೆ ಆಯಿತು. ಮೀನಿನ ಗತಿ ಏನು ಅಂತ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಬಂದವರೆಲ್ಲ ಮನೆಯಲ್ಲೂ ಮೊಳದುದ್ದದ ಮೀನು ಬೇಕು ಅನ್ನುತ್ತಾರೆ. ಅದು ಹೊಳೆ, ಹರಿಯುತ್ತಲೇ ಇರುತ್ತದೆ. ನಿಮ್ಮದು ಪಂಪ್ ನಿಂತ ಕೂಡಲೇ ನಿಂತ ನೀರು. 20 ಡಿಗ್ರಿಯ ನೀರಿನಲ್ಲಿ ಲೀಟರ್‌ಗೆ 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಮಳೆಗಾಲದ ಥಂಡಿಯಲ್ಲಿ ಮೀನು ತಡೆಯುತ್ತದೆ, ಏಪ್ರಿಲ್‌ನಲ್ಲಿ ಕಷ್ಟ. ಕರೆಂಟ್ ಇಲ್ಲದಾಗ ಊಟ ಹಾಕಬೇಡಿ. ಇನ್ವರ್ಟರ್‌ಗೆ ರಿಟರ್ನ್ ಪಂಪ್ ಕೊಟ್ಟು ಬ್ಯಾಟರಿ ಮುಗಿಸಬೇಡಿ, ಐದಾರು ವ್ಯಾಟ್‌ನ ಏರ್ ಪಂಪ್ ಕೊಡಿ, ರಾತ್ರಿಯಿಡೀ ಗುಳ್ಳೆ ಬರುತ್ತಿರುತ್ತದೆ. ಅರ್ಧ ದಿನ ದಾಟಿ ಕರೆಂಟ್ ಬಂದರೆ ಮೊದಲು ಸಂಪ್‌ನ ಫಿಲ್ಟರ್ ಮೂಸಿ ನೋಡಿ. ಕೊಳೆತ ವಾಸನೆ ಇದ್ದರೆ ಟ್ಯಾಂಕಿನದೇ ನೀರಿನಲ್ಲಿ ಅದನ್ನು ಅದ್ದಿ ತೊಳೆದು, ಸಂಪ್‌ನ ನೀರು ಬದಲಿಸಿ, ಆಮೇಲೆ ಪಂಪ್ ಹಾಕಿ.

ಮತ್ತೆ ಆ ಏರ್ ಪಂಪನ್ನು ಕೆಳಗೆ ಸ್ಟ್ಯಾಂಡಿನೊಳಗೆ ಇಡಬೇಡಿ. ಇನ್ವರ್ಟರ್ ಕೈಕೊಟ್ಟರೆ ಆ ಸಣ್ಣ ಪೈಪಿನಲ್ಲೂ ನೀರು ಹಿಂದಕ್ಕೆ ಇಳಿಯುತ್ತದೆ. ಟ್ಯಾಂಕಿನ ನೀರಿಗಿಂತ ಮೇಲೆ ಗೋಡೆಗೆ ಮೊಳೆ ಹೊಡೆದು ನೇತುಹಾಕಿ. ಅದಕ್ಕೆ ಅಂತ ಅಂಗಡಿಯಲ್ಲಿ ಪುಟಾಣಿ ಎನ್‌ಆರ್‌ವಿ ಸಿಗುತ್ತದೆ. ಅದು ಯಾವ ಕಂಪನಿಯದು ಒಳ್ಳೆಯದು ಅಂತ ದಯವಿಟ್ಟು ಕೇಳಬೇಡಿ.