ಓದುಗರ ಪ್ರಶ್ನೆ: ರೋಬೋಟ್ ಎಲ್ಲರಿಗೂ ಒಂದೇ ಆದರೆ ಸ್ಪರ್ಧೆ ಯಾವುದರದು?

ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: “ರೋಬೋಟ್ ಫುಟ್‌ಬಾಲ್‌ನಲ್ಲಿ ಎಲ್ಲ ತಂಡಗಳೂ ಒಂದೇ ಮಾದರಿಯ ರೋಬೋಟ್ ಆಡಿಸುವ ವಿಭಾಗವಿದೆಯಂತೆ. ಯಂತ್ರವೇ ಒಂದಾದ ಮೇಲೆ ಗೆಲುವು ಯಾರ ಜಾಣ್ಮೆಗೆ ಸಲ್ಲುತ್ತದೆ? ಬೇರೆ ಲೀಗ್‌ಗಳೂ ಅದೇ ಯಂತ್ರಕ್ಕೆ ಒಪ್ಪಿಕೊಳ್ಳುವುದು ಸರಿಯೇ?”

ಕಾರಹುಣ್ಣಿಮೆಯ ಸಮಯಕ್ಕೆ ರಾಯಚೂರಿನಲ್ಲಿ ನಡೆಯುವ, ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆಯನ್ನು ನೋಡಿದವರಿಗೆ ಮೊದಲ ಪ್ರಶ್ನೆಯ ಉತ್ತರ ಅರ್ಧ ತಿಳಿದೇ ಇರುತ್ತದೆ. ಕಲ್ಲು ಎಲ್ಲ ಜೋಡಿಗಳಿಗೂ ಒಂದೇ ಆಗಿರುವುದರಿಂದಲೇ ಯಾವ ಜೋಡಿ ಎಷ್ಟು ದೂರ ಎಳೆಯಿತು ಎಂಬ ಹೋಲಿಕೆಗೆ ಅರ್ಥ ಬರುತ್ತದೆ. ರೋಬೋಟ್‌ಗಳ ಅಂತರರಾಷ್ಟ್ರೀಯ ಸ್ಪರ್ಧೆಯಾದ ರೋಬೋಕಪ್‌ನಲ್ಲಿ ನೀವು ಕೇಳಿದ ವಿಭಾಗದ ಹೆಸರು ಸ್ಟ್ಯಾಂಡರ್ಡ್ ಪ್ಲಾಟ್‌ಫಾರ್ಮ್ ಲೀಗ್; ಅಲ್ಲಿ ಆ ಕಲ್ಲಿನ ಜಾಗದಲ್ಲಿ 2008ರಿಂದ ನಾವೋ ಎಂಬ, 58 ಸೆಂಟಿಮೀಟರ್ ಎತ್ತರದ ರೋಬೋಟ್ ಇತ್ತು. ಅದರ ಯಂತ್ರಭಾಗವನ್ನು ಯಾವ ತಂಡವೂ ಮಾರ್ಪಡಿಸುವಂತಿರಲಿಲ್ಲ. ಬದಲಾಗುತ್ತಿದ್ದುದು ಪ್ರೋಗ್ರಾಂ ಮಾತ್ರ. ಚೆಂಡನ್ನು ಗುರುತಿಸುವುದು, ಮೈದಾನದಲ್ಲಿ ತಾನೆಲ್ಲಿದ್ದೇನೆಂದು ಗೆರೆಗಳನ್ನು ನೋಡಿ ಲೆಕ್ಕ ಹಾಕುವುದು, ಬಿದ್ದರೆ ತಾನೇ ಏಳುವುದು, ಚೆಂಡಿನತ್ತ ಜೊತೆಯಾಟಗಾರ ಹೊರಟಿದ್ದರೆ ತಾನು ನುಗ್ಗದೆ ಜಾಗ ಕಾಯುವುದು, ಇವೆಲ್ಲವನ್ನೂ ರೋಬೋಟ್ ಹೊರಗಿನವರ ನೆರವಿಲ್ಲದೆ ಮಾಡಬೇಕು. ಆಟ ಸಾಗಿದಂತೆ ಮೊಣಕಾಲಿನ ಮೋಟಾರು ಬಿಸಿಯಾಗಿ ಹಿಡಿತ ಸಡಿಲುತ್ತದೆ. ಆಗಲೂ ನಡಿಗೆ ತಪ್ಪದಂತೆ ಬರೆದ ಪ್ರೋಗ್ರಾಂ ಎಷ್ಟು ಒಳ್ಳೆಯದೆಂಬುದು ಎದುರಾಳಿಯೂ ಅದೇ ಮೊಣಕಾಲಿನಲ್ಲಿ ಆಡುವಾಗ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ಲಾಭವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಭಾಗದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಎರಡು ಕಾಲಿನ ಪುಟ್ಟ ರೋಬೋಟ್ ಕಟ್ಟಿದ್ದರು. ಪ್ರತಿ ಬಾರಿ ಬಿದ್ದಾಗಲೂ ಸರ್ವೋ ಮೋಟಾರಿನ ಸ್ಕ್ರೂ ಸಡಿಲವಾಗುತ್ತಿತ್ತು, ಗೇರಿನ ಹಲ್ಲು ಮುರಿಯುತ್ತಿತ್ತು, ಹೊಸದು ಬೆಂಗಳೂರಿನಿಂದ ಬರುವವರೆಗೆ ಕೆಲಸ ನಿಲ್ಲುತ್ತಿತ್ತು. ಚೆಂಡು ಗುರುತಿಸುವ ಪ್ರೋಗ್ರಾಂ ಬರೆಯಬೇಕೆಂದಿದ್ದ ಹುಡುಗಿ ಇಡೀ ಸೆಮಿಸ್ಟರ್ ಸ್ಕ್ರೂಡ್ರೈವರ್ ಹಿಡಿದೇ ಕಳೆದಳು. ಸಿದ್ಧ ರೋಬೋಟ್ ಇದ್ದಿದ್ದರೆ ಆ ಸೆಮಿಸ್ಟರ್ ಅವಳಿಗೆ ಉಳಿಯುತ್ತಿತ್ತು.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣ. ಈ ಲೀಗ್ ಮೊದಲು ಸೋನಿಯ ಐಬೋ ಎಂಬ ನಾಲ್ಕು ಕಾಲಿನ ರೋಬೋಟ್ ನಾಯಿಗಳಿಂದ ನಡೆಯುತ್ತಿತ್ತು. 2006ರಲ್ಲಿ ಸೋನಿ ಅದರ ತಯಾರಿಕೆ ನಿಲ್ಲಿಸಿದಾಗ ಲೀಗ್ ಹೊಸ ಯಂತ್ರ ಹುಡುಕಬೇಕಾಯಿತು. ಆಗ ಆರಿಸಿದ ನಾವೋವನ್ನು ತಯಾರಿಸುತ್ತಿದ್ದ ಫ್ರಾನ್ಸಿನ ಆಲ್ಡೆಬರಾನ್ ಕಂಪನಿ 2025ರಲ್ಲಿ ದಿವಾಳಿಯಾಯಿತು. ಒಂದೇ ಕಂಪನಿಯನ್ನು ನೆಚ್ಚಿಕೊಂಡರೆ ಅದರ ಕಷ್ಟ ಇಡೀ ಲೀಗಿನ ಕಷ್ಟವಾಗುತ್ತದೆ. ಇತ್ತ 2002ರಲ್ಲಿ ಆರಂಭವಾದ ಹ್ಯೂಮನಾಯ್ಡ್ ಲೀಗ್‌ನಲ್ಲಿ ಅನೇಕ ತಂಡಗಳು ತಮ್ಮ ರೋಬೋಟನ್ನು ತಾವೇ ಕಟ್ಟಿಕೊಂಡು ಬಂದಿವೆ. ಅದರ ದೇಹದ ಅಳತೆಗಳೂ ಇಂದ್ರಿಯಗಳೂ ಮನುಷ್ಯನನ್ನು ಹೋಲಬೇಕು ಎಂಬುದು ಅಲ್ಲಿನ ಮುಖ್ಯ ನಿಯಮ. 2050ರ ಹೊತ್ತಿಗೆ ವಿಶ್ವಕಪ್ ಗೆದ್ದ ಮಾನವ ತಂಡವನ್ನು ಸೋಲಿಸುವುದು ರೋಬೋಕಪ್‌ನ ಘೋಷಿತ ಗುರಿಯಾಗಿರುವಾಗ, ಮೊಣಕಾಲನ್ನೇ ಹೊಸದಾಗಿ ರೂಪಿಸುವ ತಂಡಗಳನ್ನು ಕಳೆದುಕೊಳ್ಳುವುದು ದೊಡ್ಡ ನಷ್ಟ.

ಆದ್ದರಿಂದ ಲೀಗ್‌ಗಳು ಹೊಂದಾಣಿಕೆ ಮಾಡಿಕೊಳ್ಳುವುದಾದರೆ ಯಂತ್ರಕ್ಕಿಂತ ಮೊದಲು ನಿಯಮಗಳಲ್ಲಿ ಮಾಡಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತೀರ್ಪುಗಾರರ ಆದೇಶವನ್ನು ವೈರ್‌ಲೆಸ್ ಮೂಲಕ ರೋಬೋಟ್‌ಗಳಿಗೆ ತಲುಪಿಸುವ ಗೇಮ್ ಕಂಟ್ರೋಲರ್ ಎಂಬ ತಂತ್ರಾಂಶವನ್ನು ಎರಡೂ ಲೀಗ್‌ಗಳು ಬಳಸಿವೆ; ಒಮ್ಮತಕ್ಕೆ ಅದೇ ಒಳ್ಳೆಯ ಮಾದರಿ. ಎತ್ತರ, ತೂಕ, ಸಂವೇದಕಗಳ ಮಿತಿಯನ್ನು ಬರೆದಿಟ್ಟು, ಆ ಮಿತಿಯೊಳಗೆ ಕೊಂಡ ರೋಬೋಟೂ ಕಟ್ಟಿದ ರೋಬೋಟೂ ಒಂದೇ ಮೈದಾನದಲ್ಲಿ ಆಡುವಂತಿರಬೇಕು. ಯಂತ್ರ ಬದಲಾಗುವುದಿದ್ದರೆ ಎರಡು ಮೂರು ವರ್ಷ ಮೊದಲೇ ತಿಳಿಸಬೇಕು, ಏಕೆಂದರೆ ಒಂದು ರೋಬೋಟ್ ಕೊಳ್ಳಲು ನಮ್ಮ ಕಾಲೇಜುಗಳಿಗೆ ಮಂಜೂರಾತಿ ಸಿಗುವುದಕ್ಕೇ ಅಷ್ಟು ಕಾಲ ಬೇಕಾಗುತ್ತದೆ. ಹಳೆಯ ಯಂತ್ರಕ್ಕೆ ಬರೆದ ಪ್ರೋಗ್ರಾಂ ಹೊಸದಕ್ಕೂ ಹೊಂದುವಂತಹ ಸಾಮಾನ್ಯ ಇಂಟರ್‌ಫೇಸ್ ಇದ್ದರೆ ವರ್ಷಗಳ ದುಡಿಮೆ ಮಣ್ಣುಪಾಲಾಗುವುದಿಲ್ಲ.

ಪ್ರಶ್ನೆ ಕೇಳಿದವರು ರೋಬೋಟ್ ಕೈಗೆ ಬರುವವರೆಗೆ ಕಾಯಬೇಕಾಗಿಲ್ಲ. ಜರ್ಮನಿಯ ಬ್ರೆಮೆನ್‌ನ ಬಿ-ಹ್ಯೂಮನ್ ತಂಡ ತನ್ನ ಪ್ರೋಗ್ರಾಂ ಅನ್ನು, ಆಟವನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಸಿಮ್ಯುಲೇಟರ್ ಸಮೇತ ಎಲ್ಲರಿಗೂ ಬಿಡುಗಡೆ ಮಾಡುತ್ತ ಬಂದಿದೆ. ಒಂದು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಾಕಿಕೊಂಡು, ಮೊದಲು ಒಬ್ಬನೇ ಆಟಗಾರನನ್ನು ಚೆಂಡಿನವರೆಗೆ ನಡೆಸಿ ನೋಡಬಹುದು.